ಉದುರುವ ಎಲೆಗೊಂದು ಮುಹೂರ್ತ

ಗಣಪತಿಯನ್ನು ನೀರಿಗೆ ಬಿಟ್ಟ ಮಾರನೇ ದಿನದಿಂದ ನ್ಯೂಜೆರ್ಸಿಯ ಕನ್ನಡಿಗರು ಒಬ್ಬರನ್ನೊಬ್ಬರು ಕುಶಲ ಕೇಳುವುದನ್ನು ಬಿಟ್ಟುಬಿಡುತ್ತಾರೆ. ಅದರ ಬದಲು, "ಈ ಸಲ ಫಾಲ್ ಕಲರ್ಸಿಗೆ ಯಾವ ಕಡೆ?" ಅನ್ನುತ್ತಾರೆ. ಇಂಡಿಯನ್ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿರುವವರೂ ಕೇಳುತ್ತಾರೆ, ಮಗುವನ್ನು ಸಂಗೀತ ಪಾಠಕ್ಕೆ ಬಿಟ್ಟು ಕಾರಿನಲ್ಲಿ ಕೂತು ಕಾಯುವವರೂ ಕೇಳುತ್ತಾರೆ. "ಇನ್ನೂ ಯೋಚನೆ ಮಾಡಿಲ್ಲ" ಎಂದಿರೋ, ಕೆಟ್ಟಿರಿ. ಎದುರಿನವರ ಮುಖದಲ್ಲಿ ನಿಮ್ಮ ಬಗ್ಗೆ ಮರುಕ ಉಕ್ಕುತ್ತದೆ. "ಅಯ್ಯೋ, ಇನ್ನೆಲ್ಲಿ ಸಿಗುತ್ತೆ! ನಾವು ಏಪ್ರಿಲ್‌ನಲ್ಲೇ ರೂಮು ಹಿಡಿದುಬಿಟ್ವಿ."

ಏಪ್ರಿಲ್‌ನಲ್ಲಿ ವರ್ಮಾಂಟಿನ ಬೆಟ್ಟದ ಮರಗಳಲ್ಲಿ ಎಲೆ ಇನ್ನೂ ಹುಟ್ಟಿಯೇ ಇರುವುದಿಲ್ಲ. ಹುಟ್ಟದ ಎಲೆ ಸಾಯುವ ದಿನಕ್ಕೆ ಮುಂಗಡ ಕೊಟ್ಟು ಕಾಯುವ ಜನ ನಾವು.

ಇದರಲ್ಲಿ ಏನೋ ತಮಾಷೆಯಿದೆ ಅಂತ ನಮಗ್ಯಾರಿಗೂ ಅನ್ನಿಸಿರಲೇ ಇಲ್ಲ. ಅನ್ನಿಸಿದ್ದು ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ನಮ್ಮತ್ತೆಗೆ. ಮಗ ಲ್ಯಾಪ್‌ಟಾಪಿನಲ್ಲಿ ಹೋಟೆಲಿನ ದರ ನೋಡಿ ನಿಟ್ಟುಸಿರು ಬಿಡುತ್ತಿದ್ದಾಗ ಕನ್ನಡಕ ಸರಿಮಾಡಿಕೊಂಡು ಇಣುಕಿದರು. ಡಾಲರನ್ನು ರೂಪಾಯಿ ಮಾಡಿ ನೋಡುವ ವಿದ್ಯೆ ಅವರಿಗೆ ಬಂದ ವಾರದಲ್ಲೇ ಸಿದ್ಧಿಸಿತ್ತು.

"ಎಲೆ ಉದುರೋದು ನೋಡ್ಲಿಕ್ಕೆ ಇಷ್ಟು ದುಡ್ಡಾ ಮಾರಾಯ್ತಿ? ನಮ್ಮ ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸ್ಲಿಕ್ಕೆ ನಾನೇ ಆಳಿಗೆ ಕೂಲಿ ಕೊಡ್ತೀನಿ. ಇಲ್ಲಿ ನೋಡಿದ್ದಕ್ಕೂ ನಾವೇ ಕೊಡ್ಬೇಕಾ?"

"ಹಾಗಲ್ಲಮ್ಮ, ಉದುರೋದಲ್ಲ, ಬಣ್ಣ ತಿರುಗೋದು ನೋಡೋದು," ಅಂತ ನಮ್ಮ ಮನೆಯವರು ಪಾಠ ಶುರುಮಾಡಿದರು. ಬೇಸಿಗೆಯುದ್ದಕ್ಕೂ ಎಲೆಯಲ್ಲಿ ಪತ್ರಹರಿತ್ತಿನದೇ ದರ್ಬಾರು. ಸೆಪ್ಟೆಂಬರಿನಲ್ಲಿ ಹಗಲು ಗಿಡ್ಡವಾಗುತ್ತಾ ಬಂದಂತೆ ಮರ ಚಳಿಗಾಲದ ಸಿದ್ಧತೆಗೆ ಇಳಿಯುತ್ತದೆ. ಪತ್ರಹರಿತ್ತು ಒಡೆಯುತ್ತದೆ, ಎಲೆಯಲ್ಲಿದ್ದ ಸಾರಜನಕ ಮೊದಲಾದ ಸತ್ವವೆಲ್ಲ ಕೊಂಬೆಗೆ ವಾಪಸು ಹೋಗುತ್ತದೆ. ಹಸಿರು ಸರಿದ ಮೇಲೆ, ಅಲ್ಲಿಯವರೆಗೆ ಅದರಡಿ ಮುಖ ಮುಚ್ಚಿಕೊಂಡಿದ್ದ ಕೆರೊಟಿನಾಯ್ಡುಗಳು ಕಾಣತೊಡಗುತ್ತವೆ. ಬರ್ಚ್ ಮರದ ಹಳದಿ ಹೀಗೆ ಬಂದದ್ದು. ಕೆಂಪಿನ ಕತೆ ಬೇರೆ. ಅದು ಮೊದಲಿಂದ ಇದ್ದದ್ದಲ್ಲ, ಆ ಹೊತ್ತಿಗೆ ಹೊಸದಾಗಿ ತಯಾರಾಗುವಂಥದು. ಹಗಲು ಒಳ್ಳೇ ಬಿಸಿಲಿದ್ದರೆ ಎಲೆಯಲ್ಲಿ ಸಕ್ಕರೆ ಕೂಡುತ್ತದೆ. ತೊಟ್ಟಿನ ಬುಡದಲ್ಲಿ ಅಡ್ಡಪದರವೊಂದು ಬೆಳೆಯುತ್ತಿರುತ್ತದಾದ್ದರಿಂದ, ರಾತ್ರಿ ಚಳಿಯೂ ಇದ್ದರೆ ಆ ಸಕ್ಕರೆ ಬೇಗ ಹೊರಗೆ ಹರಿಯದೆ ಎಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದರಿಂದ ಹುಟ್ಟುವುದು ಆಂಥೊಸಯನಿನ್ ಎಂಬ ಕೆಂಪು. ಮೇಪಲ್ ಮರಗಳು ಇದರಲ್ಲಿ ನಿಸ್ಸೀಮರು. ಆದರೆ ಚಳಿ ಹದವಾಗಿರಬೇಕು. ಹೆಪ್ಪುಗಟ್ಟಿಸುವಷ್ಟು ಬಿದ್ದರೆ ಎಲೆ ಕೆಂಪಾಗುವ ಮೊದಲೇ ಕಂದಿ ಸುರುಟಿಕೊಳ್ಳುತ್ತದೆ.

ಅತ್ತೆ ಪೂರ್ತಿ ಕೇಳಿ ತೀರ್ಪು ಕೊಟ್ಟರು: "ಅಂದ್ರೆ ಮರ ಗಂಟುಮೂಟೆ ಕಟ್ಟಿಕೊಂಡು ಬಾಗಿಲು ಹಾಕೋ ಹೊತ್ತಿಗೆ ಸರಿಯಾಗಿ ನೀವು ಹೋಗಿ ನಿಂತ್ಕೊಳ್ಳೋದು. ನಮ್ಮಲ್ಲಿ ಎಲೆ ಹುಟ್ಟೋವಾಗಲೇ ಕೆಂಪಪ್ಪ. ಫಾಲ್ಗುಣದಲ್ಲಿ ಆಗುಂಬೆ ಘಾಟಿ ಇಳಿದು ನೋಡು."

ಇದಕ್ಕೆ ಮಗ ಎದುರು ಮಾತಾಡಲಿಲ್ಲ, ಯಾಕೆಂದರೆ ಅವರಮ್ಮ ಹೇಳಿದ್ದು ಸಸ್ಯಶಾಸ್ತ್ರದ ಪ್ರಕಾರವೂ ಸರಿ. ನಾಗಸಂಪಿಗೆಯ ಚಿಗುರು ರಕ್ತಗೆಂಪು, ಮಾವಿನ ಚಿಗುರು ತಾಮ್ರದ ಬಣ್ಣ, ಅಶ್ವತ್ಥದ ಎಳೆಯೆಲೆಯೂ ಕೆಂಪುಕೆಂಪು. ಈ ಚಿಗುರುಗಳನ್ನು ಕೆಂಪಾಗಿಸುವುದೂ ಅದೇ ಆಂಥೊಸಯನಿನ್. ನ್ಯೂ ಇಂಗ್ಲೆಂಡಿನಲ್ಲಿ ಅದು ಎಲೆಯ ಉತ್ತರಕ್ರಿಯೆಗೆ ಬರುತ್ತದೆ, ಸಹ್ಯಾದ್ರಿಯಲ್ಲಿ ನಾಮಕರಣಕ್ಕೆ. ಉದುರುವ ಮುಂಚೆ ಕೆಂಪಾಗುವ ಎಲೆ ನಮ್ಮೂರಿನ ರಸ್ತೆಗಳಲ್ಲಿ ನೋಡಬೇಕೆಂದರೆ ಬಾದಾಮಿ ಮರವಿದೆ. ಸರ್ಕಾರಿ ಶಾಲೆಯ ಅಂಗಳದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ, ಎಲ್ಲೆಂದರಲ್ಲಿ ತಟ್ಟೆಯಗಲದ ಕೆಂಪೆಲೆ ಉದುರಿಸುತ್ತಾ ನಿಂತಿರುತ್ತದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರನ್ನು ನಾನಂತೂ ಕಂಡಿಲ್ಲ. ಟಿಕೆಟ್ಟಿಲ್ಲದ ನೋಟಕ್ಕೆ ಕಿಮ್ಮತ್ತಿಲ್ಲ.

ಅತ್ತೆಗೆ ಇನ್ನೂ ದೊಡ್ಡ ಆಘಾತ ಕಾದಿದ್ದು ನಮ್ಮ ಬೀದಿಯಲ್ಲೇ. ಪಕ್ಕದ ಮನೆಯಾತ ಬೆನ್ನಿಗೊಂದು ಯಂತ್ರ ಕಟ್ಟಿಕೊಂಡು, ಕಿವಿಗೆ ಮುಚ್ಚಳ ಹಾಕಿಕೊಂಡು, ಭರ್ರೆಂದು ಗಾಳಿ ಊದುತ್ತಾ ಅಂಗಳದ ಎಲೆಯನ್ನೆಲ್ಲ ರಾಶಿ ಹಾಕಿದ. ಹೆಂಡತಿ ಆ ರಾಶಿಯನ್ನು ಆಳೆತ್ತರದ ಕಾಗದದ ಚೀಲಗಳಿಗೆ ತುಂಬಿ, ಮುನಿಸಿಪಾಲಿಟಿಯವರು ಒಯ್ಯಲಿ ಅಂತ ರಸ್ತೆಯಂಚಿಗೆ ಇಟ್ಟಳು. ಕೊಟ್ಟಿಗೆಗೆ ದರಗು ಹಾಸಿ, ದನ ತುಳಿದು, ಗೊಬ್ಬರವಾಗಿ, ಅದು ಅಡಿಕೆ ಮರದ ಬುಡಕ್ಕೆ ಹೋಗಿ ಸೇರುವುದನ್ನು ಹುಟ್ಟಿದಾಗಿನಿಂದ ನೋಡಿದ ಜೀವಕ್ಕೆ ಇದು ತಡೆಯಲಿಲ್ಲ. "ಇಷ್ಟು ಗೊಬ್ಬರ ಹೊರಗೆ ಹಾಕ್ತಾರಲ್ಲೇ!" ಎಂದು ಕಿಟಕಿಯಲ್ಲೇ ನಿಂತು ಪರಿತಪಿಸಿದರು. ವಸಂತ ಬಂದಾಗ ಅದೇ ದಂಪತಿ ಅಂಗಡಿಯಿಂದ ಗೊಬ್ಬರದ ಚೀಲಗಳನ್ನು ಕಾರಿನಲ್ಲಿ ಹೊತ್ತು ತರುತ್ತಾರೆ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ರಕ್ತದೊತ್ತಡದ ಮಾತ್ರೆ ಊರಿಂದ ಲೆಕ್ಕ ಮಾಡಿ ತಂದಿದ್ದರು.

ಇರಲಿ, ಪ್ರವಾಸಕ್ಕೆ ಬರೋಣ. ಎಲೆ ನೋಡಲು ಹೊರಡುವುದೆಂದರೆ ಜಾತಕ ಕೂಡಿಸಿದ ಹಾಗೆ. ಮದುವೆಗಾದರೆ ಎರಡು ಜಾತಕ ಕೂಡಿದರೆ ಸಾಕು. ಇಲ್ಲಿ ಎಲೆಯದು, ಆಫೀಸಿನ ರಜೆಯದು, ಮಗಳ ಸಾಕರ್ ಪಂದ್ಯದ್ದು, ಹೋಟೆಲಿನದು, ಮಳೆಯದು, ಎಲ್ಲವೂ ಕೂಡಬೇಕು. ಅದರ ಮೇಲೆ ನವರಾತ್ರಿ ಬೇರೆ. ನಾನು ಮೈಸೂರಿನವಳು, ಬೊಂಬೆ ಕೂರಿಸದೆ ಇರಲಾರೆ. ಕೂರಿಸಿದ ಮೇಲೆ ಮನೆಗೆ ಬೀಗ ಹಾಕಿ ವರ್ಮಾಂಟಿಗೆ ಓಡುವಂತೆಯೂ ಇಲ್ಲ. ದಸರಾ ಬೇಗ ಬಂದ ವರ್ಷ ಎಲೆಯ ಪಾಲಿಗೆ ಶುಭ, ಎಲೆಯ ಹಂಗಾಮಿನ ನಡುವೆಯೇ ಬಂದರೆ ಪಟ್ಟದ ಬೊಂಬೆಗೂ ಮೇಪಲ್ ಮರಕ್ಕೂ ನೇರ ಜಗಳ.

ಇನ್ನು ರಜೆ. ಅಕ್ಟೋಬರಿನ ಎರಡನೇ ಸೋಮವಾರ ಅಮೆರಿಕದಲ್ಲಿ ಕೊಲಂಬಸ್ ದಿನ. ಈಗ ಹಲವು ಕಡೆ ಮೂಲನಿವಾಸಿಗಳ ದಿನ ಅನ್ನುತ್ತಾರೆ. ಬ್ಯಾಂಕಿಗೆ ರಜೆ, ಅಂಚೆ ಕಚೇರಿಗೆ ರಜೆ, ಎಷ್ಟೋ ಶಾಲೆಗಳಿಗೂ ರಜೆ, ನಮ್ಮವರ ಸಾಫ್ಟ್‌ವೇರ್ ಕಂಪನಿಗೆ ಮಾತ್ರ ಇಲ್ಲ. ಆ ಶನಿವಾರ, ಭಾನುವಾರ, ಸೋಮವಾರ ನ್ಯೂಯಾರ್ಕಿನವರು, ನ್ಯೂಜೆರ್ಸಿಯವರು, ಬಾಸ್ಟನ್ನಿನವರು ಒಟ್ಟಿಗೆ ಉತ್ತರದ ಹೆದ್ದಾರಿ ಹಿಡಿಯುತ್ತಾರೆ. ಇದು ಸಾಲದೆಂಬಂತೆ ಕೆನಡಾದ ಥ್ಯಾಂಕ್ಸ್‌ಗಿವಿಂಗ್ ಹಬ್ಬವೂ ಅದೇ ಸೋಮವಾರ. ಆದ್ದರಿಂದ ಕ್ಯುಬೆಕ್‌ನವರು ದಕ್ಷಿಣಕ್ಕೆ ಇಳಿದು ಬರುತ್ತಾರೆ. ಎರಡು ದೇಶಗಳ ಕಾರುಗಳು ವರ್ಮಾಂಟಿನ ಯಾವುದೋ ಸಣ್ಣ ಊರಿನ ಒಂದೇ ಒಂದು ಸಿಗ್ನಲ್ಲಿನಲ್ಲಿ ಸಂಧಿಸುತ್ತವೆ. ಅಲ್ಲಿ ನಿಂತಾಗ ಒಂದು ಅನುಕೂಲ: ರಸ್ತೆಬದಿಯ ಮೇಪಲ್ ಮರವೊಂದನ್ನು ಬೇಕಾದಷ್ಟು ಹೊತ್ತು ನೋಡಬಹುದು. ಎದುರಿಗೆ ಜಾಹೀರಾತು ಫಲಕ ಅಡ್ಡ ಬರುವುದಿಲ್ಲ, ಯಾಕೆಂದರೆ ವರ್ಮಾಂಟ್ 1968ರಲ್ಲೇ ಅಂಥ ಫಲಕಗಳನ್ನು ನಿಷೇಧಿಸಿ ಕಾನೂನು ಮಾಡಿತು.

ಯಾವ ಕಡೆಗೆ ಹೋಗುವುದು ಎಂಬ ಪ್ರಶ್ನೆಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎರಡು ಪಕ್ಷ. ಬಾಸ್ಟನ್ನಿನ ಭಾವನವರದು ಉತ್ತರ ಪಕ್ಷ. ಅವರ ಪ್ರಕಾರ ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್ ನೋಡದವನು ಎಲೆಯನ್ನೇ ನೋಡಿಲ್ಲ. ವರ್ಜೀನಿಯಾದಲ್ಲಿರುವ ಮೈದುನನದು ದಕ್ಷಿಣ ಪಕ್ಷ. ಶೆನಂಡೋವ ರಾಷ್ಟ್ರೀಯ ಉದ್ಯಾನದ ಬೆನ್ನ ಮೇಲೆ 105 ಮೈಲಿ ಹರಿಯುವ ಸ್ಕೈಲೈನ್ ಡ್ರೈವ್ ಬಿಟ್ಟು ಬೇರೆ ಮಾತೇ ಅವನ ಬಾಯಲ್ಲಿಲ್ಲ. "ಅಲ್ಲಿ ಗಂಟೆಗೆ 35 ಮೈಲಿಗಿಂತ ಜೋರಾಗಿ ಓಡಿಸುವ ಹಾಗಿಲ್ಲ ಅತ್ತಿಗೆ, ಅಣ್ಣ ಓಡಿಸಿದರೂ ಎಲೆ ಕಾಣುತ್ತೆ," ಅಂತ ಚುಚ್ಚುತ್ತಾನೆ. ಭಾವನವರು ಹೋದ ವರ್ಷದ ಫೋಟೋ ಹಾಕುತ್ತಾರೆ, ಮೈದುನ ಅದಕ್ಕಿಂತ ಹಿಂದಿನ ವರ್ಷದ್ದು ಹಾಕುತ್ತಾನೆ. ಭಾವನವರು ತಮ್ಮ ಫೋಟೋಗೆ ಎಷ್ಟು ಬಣ್ಣ ಏರಿಸಿದ್ದರೆಂದರೆ ಮರದ ಜೊತೆಗೆ ಮುಂದೆ ನಿಂತ ನಮ್ಮ ಓರಗಿತ್ತಿಯ ಮುಖವೂ ಕಿತ್ತಳೆಯಾಗಿತ್ತು. ಅವಳು ಗುಂಪಿನಲ್ಲಿ ಒಂದೂ ಮಾತಾಡದೆ ಆ ಫೋಟೋ ಅಳಿಸಿಹಾಕಿಸಿದಳು.

ಈ ಜಗಳದ ನಡುವೆ ನಮ್ಮ ಮನೆಯವರ ಎಕ್ಸೆಲ್ ಹಾಳೆ ಬೆಳೆಯುತ್ತಿತ್ತು. ರಾಜ್ಯ ಸರ್ಕಾರಗಳ ಪ್ರವಾಸ ಇಲಾಖೆಯವರು ಹಂಗಾಮಿನಲ್ಲಿ ಎಲೆಗಳ ವರದಿ ಕೊಡುತ್ತಾರೆ. ನಕ್ಷೆಯಲ್ಲಿ ಹಸಿರು ಅಂದರೆ ಇನ್ನೂ ಕಾಯಿರಿ, ಹಳದಿ ಅಂದರೆ ತಯಾರಾಗಿ, ಕೆಂಪು ಅಂದರೆ ಪೀಕ್, ಬಣ್ಣದ ತುತ್ತತುದಿ, ಕಂದು ಅಂದರೆ ಮುಗಿಯಿತು, ಮನೆಗೆ ಹೋಗಿ. ನಮ್ಮವರು ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಆ ನಕ್ಷೆ ನೋಡುತ್ತಿದ್ದರು. "ಕೂಸ್ ಕೌಂಟಿ ಕೆಂಪಾಯ್ತು!" ಅಂತ ಬಚ್ಚಲುಮನೆಯಿಂದ ಕೂಗಿದಾಗ ಅತ್ತೆ ದೇವರಮನೆಯಿಂದ ಗಾಬರಿಯಾಗಿ ಓಡಿ ಬಂದದ್ದುಂಟು. ನ್ಯೂ ಹ್ಯಾಂಪ್‌ಶೈರಿನ ಆ ಜಿಲ್ಲೆಯ ಹೆಸರು ಕೇಳಿ ಯಾರದೋ ಕೂಸಿಗೆ ಏನೋ ಆಯಿತು ಅಂದುಕೊಂಡಿದ್ದರು.

ಪೀಕ್ ಎಂಬುದು ಈ ಪಂಥದ ದೇವರು. ಎಲ್ಲರೂ ಅದರ ಹೆಸರು ಹೇಳುತ್ತಾರೆ, ಯಾರಿಗೂ ಅದು ಹಿಂದಿನ ದಿನ ಕಾಣಿಸಿಕೊಳ್ಳುವುದಿಲ್ಲ. ಹಗಲಿನ ಉದ್ದ ಪ್ರತಿ ವರ್ಷ ಒಂದೇ ಲೆಕ್ಕದಲ್ಲಿ ಕುಗ್ಗುತ್ತದೆಯಾದ್ದರಿಂದ ಬಣ್ಣ ಬರುವ ಕಾಲ ಒರಟಾಗಿ ಗೊತ್ತು. ಆದರೆ ಬೇಸಿಗೆಯಲ್ಲಿ ಬರ ಬಿದ್ದರೆ ಎಲೆ ಬೇಗ ಒಣಗುತ್ತದೆ, ಸೆಪ್ಟೆಂಬರ್ ಬೆಚ್ಚಗಿದ್ದರೆ ತಡವಾಗುತ್ತದೆ. ಎಲ್ಲ ಸರಿಯಾಗಿ ಬಂದು ನಿಂತ ದಿನ ಒಂದು ಗಾಳಿಮಳೆ ಹೊಡೆದರೆ, ರಾತ್ರಿ ಮರದ ಮೇಲಿದ್ದದ್ದು ಬೆಳಿಗ್ಗೆ ರಸ್ತೆಯ ಮೇಲೆ. ಮರಮರಕ್ಕೂ ಸ್ವಭಾವ ಬೇರೆ. ಜೌಗಿನ ಕೆಂಪು ಮೇಪಲ್ ಎಲ್ಲರಿಗಿಂತ ಮುಂಚೆ ಕೆಂಪಾಗಿ ಕೂರುತ್ತದೆ, ಸಕ್ಕರೆ ಮೇಪಲ್ ಆಮೇಲೆ, ಓಕ್ ಎಲ್ಲರೂ ಹೋದ ಮೇಲೆ ಸಾವಕಾಶವಾಗಿ. ಹೀಗಿರುವಾಗ "ಅಕ್ಟೋಬರ್ 7, ಶನಿವಾರ, ಬೆಳಿಗ್ಗೆ 10ಕ್ಕೆ ಪೀಕ್" ಅಂತ ಎಕ್ಸೆಲ್ ಹಾಳೆಯಲ್ಲಿ ಬರೆಯುವ ಧೈರ್ಯ ಪಂಚಾಂಗದವರಿಗೂ ಬರಲಿಕ್ಕಿಲ್ಲ.

ಅಂತೂ ಉತ್ತರ ಪಕ್ಷ ಗೆದ್ದಿತು. ಗುರಿ, ಕ್ಯಾಂಕಮಾಗಸ್ ಹೆದ್ದಾರಿ. ನ್ಯೂ ಹ್ಯಾಂಪ್‌ಶೈರಿನ ಲಿಂಕನ್‌ನಿಂದ ಕಾನ್ವೇವರೆಗೆ ಬೆಟ್ಟ ಹತ್ತಿಳಿಯುವ 34.5 ಮೈಲಿಯ ರಸ್ತೆ. ಅದಕ್ಕೆ 17ನೇ ಶತಮಾನದ ಪೆನಕುಕ್ ಬುಡಕಟ್ಟಿನ ನಾಯಕನ ಹೆಸರಿಟ್ಟಿದ್ದಾರೆ. ಅತ್ತೆ ಆ ಹೆಸರನ್ನು ಒಂದೇ ಸಲಕ್ಕೆ ಪಳಗಿಸಿ "ಕಂಕಮ್ಮನ ಘಾಟಿ" ಮಾಡಿಕೊಂಡರು. ನಮ್ಮ ಮನೆಯಲ್ಲಿ ಈಗ ಅದೇ ಹೆಸರು. ನಮ್ಮ ಕಡೆಯಿಂದ 500 ಕಿಲೋಮೀಟರಿಗೂ ಮೇಲೆ. ಘಾಟಿಯ ಈ ತುದಿಯಿಂದ ಆ ತುದಿಯವರೆಗೆ ಒಂದೂ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲಿಲ್ಲ, ಬಹಳ ಕಡೆ ಫೋನಿನ ಸಿಗ್ನಲ್ಲೂ ಇಲ್ಲ. ಈ ಸುದ್ದಿ ಕೇಳಿದ್ದೇ ಅಡಿಗೆಮನೆಯ ಜವಾಬ್ದಾರಿಯನ್ನು ಅತ್ತೆ ಕೈಗೆತ್ತಿಕೊಂಡರು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಮೊಸರನ್ನ, ಕೋಡುಬಳೆ, ಒಂದು ಫ್ಲಾಸ್ಕು ಕಷಾಯ. ಡಿಕ್ಕಿಯಲ್ಲಿ ಟ್ರೈಪಾಡಿಗೆ ಜಾಗವಿಲ್ಲದೆ ಅದನ್ನು ಮಗಳ ಕಾಲಡಿಗೆ ತುರುಕಿದೆವು. ಆರು ಗಂಟೆಗೂ ಹೆಚ್ಚಿನ ದಾರಿಯುದ್ದಕ್ಕೂ ಅವಳು ಅದರ ಮೇಲೆ ಕಾಲಿಟ್ಟುಕೊಂಡೇ ಬಂದಳು. "ಇಟ್ಸ್ ಜಸ್ಟ್ ಲೀವ್ಸ್, ಅಜ್ಜಿ," ಅಂತ ಅವಳು, "ನಾನೂ ಅದೇ ಹೇಳಿದ್ದು ಪುಟ್ಟಿ," ಅಂತ ಇವರು. ಮೊಮ್ಮಗಳು ಅಜ್ಜಿ ಇಬ್ಬರೂ ಒಂದೇ ಮಾತಿಗೆ ಬಂದದ್ದು ಆ ಪ್ರವಾಸದ ಮೊದಲ ಲಾಭ.

ಈಗ ಫೋಟೋಗ್ರಾಫರ ಮಹಾಶಯರ, ಅಂದರೆ ನಮ್ಮವರ, ವಿಷಯ. ಎಲೆಯ ಬಣ್ಣಕ್ಕೆ ಬೆಳಗಿನ ಬೆಳಕು ಶ್ರೇಷ್ಠ, ಸೂರ್ಯ ಹುಟ್ಟುವ ಮುಂಚೆ ಸ್ಥಳದಲ್ಲಿರಬೇಕು, ಕಣಿವೆಯಲ್ಲಿ ಮಂಜು ಇರುವಾಗಲೇ ತೆಗೆಯಬೇಕು ಅಂತ ಹಿಂದಿನ ರಾತ್ರಿ ಎಲ್ಲರಿಗೂ ಆಜ್ಞೆಯಾಯಿತು. ಬೆಳಿಗ್ಗೆ ಐದಕ್ಕೆ ಸ್ನಾನ ಮುಗಿಸಿ, ಹಣೆಗೆ ಕುಂಕುಮವಿಟ್ಟು, ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಮಗನ ಜಾಕೆಟು ಹಾಕಿಕೊಂಡು ಸಿದ್ಧವಾಗಿದ್ದವರು ಅತ್ತೆ ಒಬ್ಬರೇ. ಆಜ್ಞೆ ಹೊರಡಿಸಿದವರು ಹೊದಿಕೆಯೊಳಗಿಂದ "ಇನ್ನೈದು ನಿಮಿಷ" ಅನ್ನುತ್ತಿದ್ದರು.

ಆದರೆ ನಮ್ಮವರಿಗೆ ನ್ಯಾಯವಾಗಿ ಸಲ್ಲಬೇಕಾದ ಒಂದು ಮೆಚ್ಚುಗೆಯಿದೆ, ಅದನ್ನು ಕೊಟ್ಟುಬಿಡುತ್ತೇನೆ. ಸ್ವಿಫ್ಟ್ ನದಿಯ ಪಕ್ಕದಲ್ಲಿ ನಿಲ್ಲಿಸಿದ್ದಾಗ ಸಣ್ಣ ಮಳೆ ಹನಿದು ನಿಂತಿತ್ತು. ಮೇಪಲ್ ಕೊಂಬೆಯೊಂದು ಕೈಗೆಟುಕುವ ಹಾಗೆ ಬಾಗಿತ್ತು. ನೋಡಿದರೆ ಎಲೆಗಳೆಲ್ಲ ಬೆಳ್ಳಗೆ ಹೊಳೆಯುತ್ತಿವೆ, ಕೆಂಪೇ ಕಾಣದು. ನಮ್ಮವರು ಲೆನ್ಸಿನ ಮುಂದಿನ ಪೋಲರೈಸರ್ ಬಳೆಯನ್ನು ಮೆಲ್ಲಗೆ ತಿರುಗಿಸುತ್ತಾ, "ಇಲ್ಲಿ ನೋಡು," ಅಂದರು. ಕಾಲು ಸುತ್ತು ತಿರುಗುವಷ್ಟರಲ್ಲಿ ಎಲೆಯ ಮೇಲಿನ ಬಿಳಿ ಹೊಳಪು ಹೋಗಿ, ಅಡಿಯಿಂದ ಗಾಢ ಕೆಂಪು, ಅದರಲ್ಲಿ ಹಳದಿ ನರಗಳು, ತುದಿಯಲ್ಲಿ ಇನ್ನೂ ಉಳಿದಿದ್ದ ಹಸಿರು ಚುಕ್ಕೆ, ಎಲ್ಲ ಒಮ್ಮೆಲೇ ಬಂದು ನಿಂತವು. ನೆನೆದ ಎಲೆಯ ಮೇಲೆ ಆಕಾಶ ಪ್ರತಿಫಲಿಸಿ ಬಣ್ಣವನ್ನು ಮುಚ್ಚಿರುತ್ತದೆ, ಆ ಬಳೆ ಪ್ರತಿಫಲನವನ್ನು ಕತ್ತರಿಸುತ್ತದೆ, ಅಷ್ಟೇ ಅದರ ಗುಟ್ಟು. ಮೋಡದ ದಿನ ಅಂತ ಅಳುವವರಿಗೆ ಇದು ಗೊತ್ತಿರಬೇಕು. ಸುಡುಬಿಸಿಲಿಗಿಂತ ಮೋಡದ ಬೆಳಕಿನಲ್ಲಿ, ಅದರಲ್ಲೂ ಮಳೆ ನಿಂತ ಮೇಲೆ, ಎಲೆಯ ಬಣ್ಣ ಹೆಚ್ಚು ತುಂಬಿಕೊಂಡು ಬರುತ್ತದೆ. ಬಿಸಿಲಿದ್ದರೆ ಎಲೆಯನ್ನು ಸೂರ್ಯನಿಗೆ ಅಡ್ಡವಾಗಿಟ್ಟು ತೆಗೆಯಬೇಕು, ಬೆಳಕು ಎಲೆಯನ್ನು ತೂರಿ ಬರಲಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಅದು ಇಷ್ಟೊಂದು ಕೆಂಪು ಯಾಕೆ ಎಂದು ತಾನೇ ತಿದ್ದಲು ಹೋಗುತ್ತದೆ, ಡೇಲೈಟ್ ಅಥವಾ ಕ್ಲೌಡಿಗೆ ಇಟ್ಟರೆ ಕಣ್ಣಿಗೆ ಕಂಡದ್ದು ಕಾಣುತ್ತದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಅವರನ್ನು ಹೊಗಳಿಯೇ ಮುಗಿಸುತ್ತಿದ್ದೆ. ಆದರೆ ಪೋಲರೈಸರ್ ಹಾಕಿದರೆ ಬೆಳಕು ಕಡಿಮೆ, ಬೆಳಕು ಕಡಿಮೆಯಾದರೆ ಶಟರ್ ನಿಧಾನ, ಶಟರ್ ನಿಧಾನವಾದರೆ ಅಲ್ಲಾಡುವ ಎಲೆ ಮಸುಕು. ಆದ್ದರಿಂದ ಟ್ರೈಪಾಡ್ ಇಳಿಯಬೇಕು, ಟ್ರೈಪಾಡ್ ಇಳಿದ ಮೇಲೆ ಗಾಳಿ ನಿಲ್ಲಬೇಕು. ಗಾಳಿ ನಿಲ್ಲುವವರೆಗೆ ಸಂಸಾರವೆಲ್ಲ ನದಿದಂಡೆಯಲ್ಲಿ ಉಸಿರು ಬಿಗಿಹಿಡಿದು ನಿಂತಿರಬೇಕು. ಪುಳಿಯೋಗರೆ ಡಬ್ಬಿಯ ಮುಚ್ಚಳ ತೆಗೆದರೂ ಎಲೆ ಅಲ್ಲಾಡುತ್ತದೆ ಎಂಬಂತೆ ನಮ್ಮನ್ನು ನೋಡಿದರು.

ಅತ್ತ ಸುತ್ತಮುತ್ತ ನಿಂತ ನಮ್ಮ ದೇಶಬಾಂಧವರದು ಇನ್ನೊಂದು ಶಾಲೆ. ಅವರಿಗೆ ಎಲೆ ಎಂದರೆ ಹಿನ್ನೆಲೆ. ಮನೆಮಂದಿಯೆಲ್ಲ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ಬಂದಿರುತ್ತಾರೆ. ಬಹುಪಾಲು ಆ ಬಣ್ಣ ಮೆರೂನ್ ಅಥವಾ ಸಾಸಿವೆ ಹಳದಿ, "ಫಾಲ್ ಥೀಮ್" ಅಂತ. ಕೆಂಪು ಮರದ ಮುಂದೆ ಕೆಂಪು ಸೀರೆ ಉಟ್ಟು ನಿಂತರೆ ಫೋಟೋದಲ್ಲಿ ತಲೆ ಮಾತ್ರ ಉಳಿಯುತ್ತದೆ. ನೀಲಿಯುಟ್ಟು ಬನ್ನಿ ಅಂದರೆ ಕೇಳುವವರ್ಯಾರು! ಒಬ್ಬ ಅಪ್ಪ ಕೈಯಲ್ಲಿ ಎಲೆ ತುಂಬಿಕೊಂಡು ಮಗುವಿನ ತಲೆಯ ಮೇಲೆ ಚೆಲ್ಲಬೇಕು, ಮಗು ನಗಬೇಕು, ಅಮ್ಮ ಕ್ಲಿಕ್ಕಿಸಬೇಕು. ಮಗು ಅಳುತ್ತದೆ, ಎಲೆ ಮತ್ತೆ ಆರಿಸುತ್ತಾರೆ, ಮತ್ತೆ ಚೆಲ್ಲುತ್ತಾರೆ. ಮರ ಕೂಡ ಅಷ್ಟು ಸಲ ಎಲೆ ಉದುರಿಸುವುದಿಲ್ಲ.

ಇದಕ್ಕಿಂತ ಸೊಗಸು ಫೋನಿನ ಪೋರ್ಟ್ರೇಟ್ ಮೋಡ್. ಅದರ ಕೆಲಸವೇ ಮುಖವನ್ನು ಸ್ಪಷ್ಟ ಮಾಡಿ ಹಿಂದಿನದನ್ನೆಲ್ಲ ಮಸುಕಾಗಿಸುವುದು. ರೂಮು ಹಿಡಿದು, ರಜೆ ಬೇಡಿ, ಎರಡು ದೇಶಗಳ ಟ್ರಾಫಿಕ್ಕಿನಲ್ಲಿ ನಿಂತು, 500 ಕಿಲೋಮೀಟರ್ ಬಂದು, ವೈಟ್ ಮೌಂಟನ್ಸ್‌ನ ಇಡೀ ಇಳಿಜಾರನ್ನು ಬೆನ್ನ ಹಿಂದಿಟ್ಟುಕೊಂಡು, ಅದನ್ನು ಒಂದು ಕೆಂಪು ಕಲೆಯಾಗಿಸಿ ಊರಿಗೆ ಕಳಿಸುತ್ತಾರೆ. ಊರಿನವರು "ಸೂಪರ್! ಎಲ್ಲಿದು, ಲಾಲ್‌ಬಾಗಾ?" ಅಂತ ಕೇಳಿದರೆ ತಪ್ಪೇನು?

ಫೋಟೋದ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ವರ್ಮಾಂಟಿನ ಪಾಮ್‌ಫ್ರೆಟ್ ಊರೇ ಸಾಕ್ಷಿ. ಅಲ್ಲಿ ಸ್ಲೀಪಿ ಹಾಲೋ ಫಾರ್ಮ್ ಎಂಬ ಖಾಸಗಿ ಜಮೀನಿದೆ. ಬಳುಕುವ ದಾರಿ, ತಗ್ಗಿನಲ್ಲಿ ಮನೆ, ಸುತ್ತ ಮೇಪಲ್. ಇನ್‌ಸ್ಟಾಗ್ರಾಮಿನಲ್ಲಿ ಆ ನೋಟ ಹಬ್ಬಿದ್ದೇ ಹಬ್ಬಿದ್ದು, ಜನ ನುಗ್ಗಿದರು. ಕಿರಿದಾದ ಮಣ್ಣುರಸ್ತೆಯಲ್ಲಿ ಅಡ್ಡಾದಿಡ್ಡಿ ಕಾರು ನಿಲ್ಲಿಸಿದರು, ಗೇಟು ದಾಟಿ ಒಳಗೆ ಹೋದರು, ಬಟ್ಟೆ ಬದಲಿಸಲು ಡೇರೆ ಹಾಕಿಕೊಂಡವರೂ ಇದ್ದರಂತೆ. ಊರಿನವರು ಸೋತು, 2023ರಲ್ಲಿ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 15ರವರೆಗೆ ಆ ಕ್ಲೌಡ್‌ಲ್ಯಾಂಡ್ ರಸ್ತೆಯನ್ನು ಹೊರಗಿನ ವಾಹನಗಳಿಗೆ ಮುಚ್ಚಿಬಿಟ್ಟರು. ಎಲೆ ನೋಡಲು ಬರುವವರಿಗೆ ಆ ಕಡೆ "ಲೀಫ್ ಪೀಪರ್" ಅನ್ನುತ್ತಾರೆ, ಅಂದರೆ ಎಲೆ ಇಣುಕುವವರು. ಇಣುಕಿದ್ದರೆ ಊರಿನವರು ಸುಮ್ಮನಿರುತ್ತಿದ್ದರು, ಬಡಪಾಯಿಗಳು. ಇವರು ಅಂಗಳಕ್ಕೇ ಬಂದು ಕೂತರು. ಅತ್ತೆಗೆ ಈ ಕತೆ ಹೇಳಿದಾಗ, "ನಮ್ಮ ತೋಟಕ್ಕೆ ಹಾಗೆ ನುಗ್ಗಿದ್ರೆ ನಾಯಿ ಬಿಡ್ತಿದ್ದೆ. ಇವ್ರು ಒಳ್ಳೇವ್ರು, ರಸ್ತೆ ಮುಚ್ಚಿ ಸುಮ್ನಾದ್ರು," ಅಂದರು.

ಅದಿರಲಿ, ಕಂಕಮ್ಮನ ಘಾಟಿ ಹೇಗಿತ್ತು ಅನ್ನುತ್ತೀರಾ? ಮೇಲೆ ಸುಮಾರು 2,850 ಅಡಿ ಎತ್ತರದ ಘಾಟಿಯ ನೆತ್ತಿಯಲ್ಲಿ ಮರಗಳು ಅರ್ಧಕ್ಕರ್ಧ ಬೋಳು. ನಮ್ಮವರ ಮುಖ ಸಪ್ಪಗಾಯಿತು, ಎಕ್ಸೆಲ್ ಹಾಳೆಯನ್ನು ಮನಸ್ಸಿನಲ್ಲೇ ಹರಿದು ಹಾಕಿದರು. ಕೆಳಗೆ ಕಾನ್ವೇ ಕಡೆ ಇಳಿದರೆ ಕೆಲವು ಮರಗಳು ಇನ್ನೂ ಹಸಿರಾಗಿ, ನಮಗೇನೂ ಗೊತ್ತಿಲ್ಲ ಎಂಬಂತೆ ನಿಂತಿದ್ದವು. ಇವೆರಡರ ನಡುವಿನ ಇಳಿಜಾರಿನಲ್ಲಿ, ಸಬ್ಬಡೇ ಜಲಪಾತದ ಆಸುಪಾಸು, ಕಣ್ಣು ಕೀಲಿಸುವ ಬಣ್ಣ. ಅತ್ತೆ ಅಲ್ಲಿ ಕಾರಿನಿಂದಿಳಿದು ಮಾತಿಲ್ಲದೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಗಿ ಒಂದು ಹಿಡಿ ಎಲೆ ಎತ್ತಿ, ಬೆರಳಲ್ಲಿ ತಿಕ್ಕಿ, ಮೂಸಿ, "ಒಳ್ಳೇ ದರಗು," ಅಂದರು. ಅದಕ್ಕಿಂತ ದೊಡ್ಡ ಪ್ರಶಸ್ತಿ ಅವರ ಹತ್ತಿರ ಇಲ್ಲ.

ಆ ಇಳಿಜಾರಿನಲ್ಲೇ ಈ ಇಡೀ ಶಾಸ್ತ್ರದ ಸಾರವಿದೆ. ನಾವೆಲ್ಲ ಮಾಡುವುದು ಹೀಗೆ: ಊರನ್ನು ಗಟ್ಟಿ ಮಾಡಿಕೊಂಡು, ತಾರೀಖು ಕೂಡಿಬರಲಿ ಅಂತ ಹರಕೆ ಹೊರುತ್ತೇವೆ. ಇದನ್ನು ಉಲ್ಟಾ ಮಾಡಬೇಕು. ತಾರೀಖು ಹೇಗೂ ನಮ್ಮ ಕೈಯಲ್ಲಿಲ್ಲ, ಅದನ್ನು ಆಫೀಸು, ಶಾಲೆ, ನವರಾತ್ರಿ ಸೇರಿ ನಿಗದಿ ಮಾಡಿಟ್ಟಿರುತ್ತವೆ. ಹಾಗಾಗಿ ತಾರೀಖು ಗಟ್ಟಿಯಿರಲಿ, ಊರು ಸಡಿಲವಿರಲಿ. ಬಣ್ಣ ಒಂದು ಜಾಗದಲ್ಲಿ ಕೂರುವುದಿಲ್ಲ, ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದ ತಲೆಯಿಂದ ಬುಡಕ್ಕೆ ಇಳಿಯುತ್ತಾ ಹೋಗುತ್ತದೆ. ಸಾವಿರ ಅಡಿ ಏರಿದರೆ ಹವೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ತಂಪು. ಮೇಲೆ ಮುಗಿದಿದ್ದರೆ ಕೆಳಗಿಳಿಯಿರಿ, ಕೆಳಗೆ ಹಸಿರಿದ್ದರೆ ಮೇಲೇರಿ. ಪೀಕ್ ಎಂಬ ದೇವರು ಆ ದಿನ ಎಲ್ಲೋ ಒಂದು ಎತ್ತರದಲ್ಲಿ ಇದ್ದೇ ಇರುತ್ತಾನೆ.

ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ರಜೆ ಸಿಕ್ಕಿದರೆ ಉತ್ತರ ವರ್ಮಾಂಟ್, ವೈಟ್ ಮೌಂಟನ್ಸ್. ಅಕ್ಟೋಬರ್ ನಡುವಾದರೆ ದಕ್ಷಿಣ ವರ್ಮಾಂಟ್, ಮ್ಯಾಸಚೂಸೆಟ್ಸ್‌ನ ಬರ್ಕ್‌ಶೈರ್ ಬೆಟ್ಟಗಳು, ಮೇನ್ ಕರಾವಳಿಯ ಅಕೇಡಿಯಾ. ಅಕ್ಟೋಬರಿನ ಉತ್ತರಾರ್ಧಕ್ಕೆ ಹಡ್ಸನ್ ಕಣಿವೆ ಇದೆ, ಮೈದುನನ ಸ್ಕೈಲೈನ್ ಡ್ರೈವೂ ಇದೆ. ದೀಪಾವಳಿಯ ಆಸುಪಾಸಿಗೆ ನ್ಯೂಜೆರ್ಸಿಯವರು ಎಲ್ಲಿಗೂ ಹೋಗಬೇಕಿಲ್ಲ, ಮಕ್ಕಳ ಶಾಲೆಯ ರಸ್ತೆಯೇ ಸಾಕು. ಬೆಂಗಳೂರಿನಲ್ಲಿ ಕೂತು ಇದನ್ನೋದಿ ಹೊಟ್ಟೆಯುರಿಸಿಕೊಳ್ಳುವವರಿಗೆ ಕಾಶ್ಮೀರವಿದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಶ್ರೀನಗರದ ಚಿನಾರ್ ಮರಗಳು ಕೆಂಪಾಗುತ್ತವೆ. ವಿಶ್ವವಿದ್ಯಾಲಯದ ಆವರಣದ ನಸೀಮ್ ಬಾಗಿಗೆ, ದಾಲ್ ಸರೋವರದ ದಂಡೆಯ ನಿಶಾತ್ ಬಾಗಿಗೆ ಹೋಗಿ ನೋಡಿ, ವೀಸಾ ಬೇಕಿಲ್ಲ.

ರೂಮನ್ನು ಬೆಟ್ಟದ ನೆತ್ತಿಯಲ್ಲಿ ಹಿಡಿಯಬೇಡಿ. ನ್ಯೂ ಹ್ಯಾಂಪ್‌ಶೈರಿನ ಕಾಂಕರ್ಡ್‌ನಂಥ ಕೆಳಗಿನ ಊರಿನಲ್ಲಿ ಹಿಡಿದರೆ ಲಿಂಕನ್ನಿಗೆ ಒಂದು ಗಂಟೆಯ ದಾರಿ, ದುಡ್ಡೂ ಉಳಿಯುತ್ತದೆ, ಬಣ್ಣ ಯಾವ ಕಡೆಗಿದೆಯೋ ಆ ಕಡೆಗೆ ಕಾರು ತಿರುಗಿಸಲೂಬಹುದು. ಆದಷ್ಟು ವಾರದ ನಡುವೆ ಹೋಗಿ. ಘಾಟಿ ಹತ್ತುವ ಮುಂಚೆ ಟ್ಯಾಂಕು ತುಂಬಿಸಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ, ಮೊಸರನ್ನ ಕಟ್ಟಿಕೊಳ್ಳಿ. ಯಾರ ಅಂಗಳಕ್ಕೂ ಕಾಲಿಡಬೇಡಿ. ಮತ್ತೆ, ದಯವಿಟ್ಟು, ಆ ಪೋರ್ಟ್ರೇಟ್ ಮೋಡ್ ಆಫ್ ಮಾಡಿ. ಎಲೆಯ ಫೋಟೋದಲ್ಲಿ ಎಲೆ ಕಾಣಬೇಕು.